ಅಟ್ಟದ ಮೇಲಿನ ಗಿಟಾರ್



ಹಸು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ. ಹಳೇ ಬೈಕು ಕೊಳ್ಳುವಾಗ ಗುರುತಿನ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯುತ್ತೇವೆ. ಮಕ್ಕಳಿಗೆ ವಾದ್ಯ ಕೊಳ್ಳುವಾಗ ಮಾತ್ರ ಬಣ್ಣ ನೋಡಿ, ಬೆಲೆ ಕೇಳಿ, ಚೀಲಕ್ಕೆ ಹಾಕಿಸಿಕೊಂಡು ಬಂದುಬಿಡುತ್ತೇವೆ. ನಾನು ಹಾಗೆ ಮಾಡಿದ್ದರಿಂದ ನನ್ನ ಮನೆಯಲ್ಲೇ ಒಬ್ಬ ಹುಡುಗನ ಸಂಗೀತ ನಿಂತುಹೋಯಿತು. ಹಳೆಯ ಗಿಟಾರ್ ಕೊಳ್ಳುವ ವಿಚಾರವಾಗಿ ಸ್ವಲ್ಪ ಹೊತ್ತು ನಿಮ್ಮೊಡನೆ ಮಾತಾಡಲು ಒಪ್ಪಿಕೊಂಡದ್ದು ಆ ಕಾರಣಕ್ಕೆ.

ನಾನು ತಿರುಮಕೂಡಲು ನರಸೀಪುರದವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಇಪ್ಪತ್ತೈದು ವರ್ಷದ ಹಿಂದೆ ಮಗ ಎಸ್ಸೆಸ್ಸೆಲ್ಸಿ ಮುಗಿಸಿ ರಜೆಯಲ್ಲಿದ್ದಾಗ ಗಿಟಾರ್ ಬೇಕೆಂದ. ಮೈಸೂರಿಗೆ ಹೋಗಿ, ಹಳೇ ಸಾಮಾನು ಮಾರುವವರೊಬ್ಬರ ಹತ್ತಿರ ಏಳುನೂರು ರೂಪಾಯಿಗೆ ಒಂದನ್ನು ತಂದೆ. ಹೊಳೆಯುವ ಕೆಂಪು ಬಣ್ಣ, ಹೊಸ ಸ್ಟೀಲ್ ತಂತಿ. ತಂತಿ ಹಲಗೆಯಿಂದ ಎಷ್ಟು ಎತ್ತರದಲ್ಲಿತ್ತೆಂದರೆ ಅದರಡಿ ಪೆನ್ಸಿಲ್ ತೂರುತ್ತಿತ್ತು. ನನಗೆ ಅದೊಂದು ದೋಷ ಅನ್ನಿಸಲಿಲ್ಲ. “ಅಪ್ಪ, ಬೆರಳು ಉರೀತದೆ” ಎಂದು ಅವನು ತೋರಿಸಿದಾಗ, ನಾಲ್ಕು ಬೆರಳ ತುದಿಯೂ ಗೀಟು ಬಿದ್ದು ಕೆಂಪಾಗಿತ್ತು. “ಬಿಡದೆ ಅಭ್ಯಾಸ ಮಾಡು, ಗಟ್ಟಿಯಾಗುತ್ತೆ” ಎಂದೆ. ಮೂರನೆಯ ವಾರ ತಂತಿ ಕಟ್ಟುವ ಪಟ್ಟಿ, ಅಂದರೆ ಬ್ರಿಜ್ಜು, ಹಿಂದಿನಿಂದ ಎದ್ದಿತು. ಫೆವಿಕ್ವಿಕ್ ತಂದು ಅಂಟಿಸಿದೆ. ಎಂಟು ದಿನ ತಡೆಯಿತು. ಒಂದು ರಾತ್ರಿ ಮನೆಯವರೆಲ್ಲ ಬೆಚ್ಚಿಬೀಳುವ ಸದ್ದಾಗಿ ಎದ್ದು ನೋಡಿದರೆ, ಆ ಪಟ್ಟಿ ಮೇಲ್ಗಡೆಯ ಹಲಗೆಯ ಸಿಬರನ್ನೂ ಕಿತ್ತುಕೊಂಡು ಹಾರಿತ್ತು. ರಿಪೇರಿಗೆ ಕೇಳಿದ ದುಡ್ಡು ಕೊಂಡ ಬೆಲೆಗಿಂತ ಹೆಚ್ಚು. ಗಿಟಾರ್ ಗೋಡೆಯ ಮೊಳೆಗೆ ಹೋಯಿತು. “ನಂಗೆ ಸಂಗೀತ ಬರಲ್ಲ ಬಿಡಪ್ಪ” ಅಂದ ಮಗ.

ಅವನಿಗೆ ಬರುತ್ತಿತ್ತು. ವಾದ್ಯಕ್ಕೆ ಬರುತ್ತಿರಲಿಲ್ಲ. ಅದು ನನಗೆ ತಿಳಿಯುವ ಹೊತ್ತಿಗೆ ಅವನ ವಯಸ್ಸು ದಾಟಿಹೋಗಿತ್ತು.

ಆಗಿದ್ದೇನೆಂದು ಈಗ ಬಲ್ಲೆ. ಗಿಟಾರಿನಲ್ಲಿ ಎರಡು ಜಾತಿ. ಒಂದು ನೈಲಾನ್ ತಂತಿಯದು, ಇನ್ನೊಂದು ಸ್ಟೀಲ್ ತಂತಿಯದು. ಸ್ಟೀಲ್ ತಂತಿಯ ಗಿಟಾರನ್ನು ಶ್ರುತಿಗೆ ತಂದಾಗ ಆರೂ ತಂತಿ ಸೇರಿ ಎಳೆಯುವ ಬಲ ಹೆಚ್ಚುಕಡಿಮೆ 70 ಕೆಜಿ ತೂಕಕ್ಕೆ ಸಮ. ನಮ್ಮ ಕಡೆ ಒಂದು ಮೂಟೆ ಭತ್ತ ತೂಗುವಷ್ಟು. ಆ ಮೂಟೆಯನ್ನು ಹಗಲೂ ರಾತ್ರಿ ಹಿಡಿದು ನಿಂತಿರುವುದು ಸುಮಾರು 3 ಮಿಲಿಮೀಟರ್ ದಪ್ಪದ ಒಂದು ಹಲಗೆ, ಅದರಡಿಯ ನಾಲ್ಕಾರು ತೆಳು ಪಟ್ಟಿ, ಒಂದಿಷ್ಟು ಅಂಟು. ನೈಲಾನ್ ತಂತಿಯ ಎಳೆತ ಇದರ ಅರ್ಧದಷ್ಟೇ, ಹಾಗಾಗಿ ಅದರ ಕಟ್ಟಡವೂ ಹಗುರ. ನಾನು ತಂದದ್ದು ನೈಲಾನ್ ಗಿಟಾರ್, ಅದಕ್ಕೆ ಯಾರೋ ಸ್ಟೀಲ್ ತಂತಿ ಬಿಗಿದಿದ್ದರು. ಗುರುತು ಹಿಡಿಯುವುದು ಕಷ್ಟವಲ್ಲ. ನೈಲಾನಿನದಕ್ಕೆ ತಲೆಯ ಭಾಗದಲ್ಲಿ ಎರಡು ಉದ್ದನೆಯ ಕಿಂಡಿ ಇದ್ದು ಒಳಗೆ ದಪ್ಪ ಬಿಳಿ ಉರುಳೆಗಳಿರುತ್ತವೆ, ಕೆಳಗಡೆ ತಂತಿಯನ್ನು ಗಂಟು ಹಾಕಿರುತ್ತಾರೆ. ಸ್ಟೀಲಿನದಕ್ಕೆ ಸಾಮಾನ್ಯವಾಗಿ ತಂತಿಯ ತುದಿಯಲ್ಲಿ ಸಣ್ಣ ಗುಂಡು ಇದ್ದು, ಅದನ್ನು ತೂತಿಗಿಳಿಸಿ ಮೇಲೆ ಒಂದು ಪಿನ್ ಒತ್ತಿರುತ್ತಾರೆ. ಇಷ್ಟು ತಿಳಿದಿದ್ದರೆ ಸಾಕಿತ್ತು.

ನಮ್ಮೂರಿನವರಿಗೆ ತಂತಿಯ ಬಿಗುವು ಹೊಸ ವಿಷಯವಾಗಬಾರದು. ಕಾವೇರಿ, ಕಪಿಲೆಯರ ಸಂಗಮದ ಪಕ್ಕದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯನವರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಗುರುಕುಲವಾಸ ಮಾಡಿ ಕಲಿತವರು. ಅದು ಮೈಕಿಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ಪಿಟೀಲಿನ ದನಿ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 1927ರಲ್ಲಿ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನು ಮಾಡಿಕೊಂಡರು. ಹೇಳುವುದಕ್ಕೆ ಸುಲಭ. ಮೂರು ತಂತಿ ಹೆಚ್ಚಿದರೆ ತಂತಿ ಹೊರುವ ಕುದುರೆಯ ಮೇಲೆ ಭಾರ ಹೆಚ್ಚುತ್ತದೆ, ತಂತಿ ಬಿಗಿಯುವ ಬಿರಡೆಗಳಿಗೆ ಜಾಗ ಬೇಕಾಗುತ್ತದೆ, ಕಮಾನು ಓಡುವ ದಾರಿಯನ್ನೇ ಹೊಸದಾಗಿ ಹೊಂದಿಸಬೇಕಾಗುತ್ತದೆ. ಮರ ಎಷ್ಟು ಹೊರುತ್ತದೆಂದು ಗೊತ್ತಿದ್ದು ಹೊರಿಸಿದ ಭಾರ ಅದು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಪದವಿ ಕೊಟ್ಟಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದಿರುವ ಚೌಡಯ್ಯ ಸ್ಮಾರಕ ಭವನವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅವರು ಹುಟ್ಟಿದ ಊರಿನ ಮಗ್ಗುಲಲ್ಲೇ ಇದ್ದುಕೊಂಡು, ನಾನು ಮಗನ ವಾದ್ಯಕ್ಕೆ ಎಂಥ ತಂತಿ ಬಿಗಿದಿದೆ ಎಂದು ಕೂಡ ಕೇಳಿರಲಿಲ್ಲ.

ಈಗ ಎರಡನೆಯ ಗಿಟಾರಿನ ಕಥೆ. ಹೋದ ವರ್ಷ ಅದೇ ಮಗನ ಮಗಳು, ಏಳನೆಯ ತರಗತಿಯವಳು, “ತಾತ, ನಂಗೊಂದು ಗಿಟಾರ್” ಎಂದಳು. ಅವಳ ಅಪ್ಪ ಏನೂ ಮಾತಾಡದೆ ಎದ್ದು ಹೊರಗೆ ಹೋದ. ನಾನು ಮಾರನೆಯ ದಿನವೇ ಹುಡುಕಲು ಶುರುಮಾಡಿದೆ.

ಹೊಸದನ್ನೇ ಏಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಕಲಿಯುವ ಮಕ್ಕಳಿಗೆಂದು ಬರುವ ಹೊಸ ಗಿಟಾರಿಗೆ ಇವತ್ತು ಐದಾರು ಸಾವಿರ, ಹೆಸರಾಂತ ಕಂಪನಿಯದಾದರೆ ಹತ್ತು ಸಾವಿರದ ಆಸುಪಾಸು. ಮಗು ಆರು ತಿಂಗಳು ಬಾರಿಸುತ್ತದೋ ಆರು ವರ್ಷವೋ ಯಾರಿಗೆ ಗೊತ್ತು? ಮಧ್ಯಮವರ್ಗದ ಮನೆಯಲ್ಲಿ ಈ ಲೆಕ್ಕ ಹಾಕುವುದು ತಪ್ಪಲ್ಲ. ಜೊತೆಗೆ, ನಾಲ್ಕು ವರ್ಷ ಬಿಸಿಲು ಮಳೆ ಕಂಡೂ ನೆಟ್ಟಗಿರುವ ಅಗ್ಗದ ಗಿಟಾರ್ ತನ್ನ ಪರೀಕ್ಷೆಯನ್ನು ಪಾಸು ಮಾಡಿಕೊಂಡಿರುತ್ತದೆ. ಅಂಗಡಿಯ ಹೊಸ ಅಗ್ಗದ ಗಿಟಾರಿಗೆ ಆ ಪರೀಕ್ಷೆ ಇನ್ನೂ ಆಗಿರುವುದಿಲ್ಲ.

ನಂಜನಗೂಡಿನಲ್ಲಿ, ರಥಬೀದಿಗೆ ಹತ್ತಿರದ ಒಂದು ಮನೆಯಲ್ಲಿ ಗಿಟಾರ್ ಇದೆಯೆಂದು ತಿಳಿಯಿತು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ ಕೊಂಡದ್ದು, ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಮೂರು ಸಾವಿರಕ್ಕೆ ಕೊಡುತ್ತಾರಂತೆ ಎಂದರು. ಈ ಸಲ ನಾನು ಒಬ್ಬನೇ ಹೋಗಲಿಲ್ಲ. ನಮ್ಮೂರಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರ್ರೊಬ್ಬರಿದ್ದಾರೆ. ಭಜನೆ ಮನೆಯ ಹಾರ್ಮೋನಿಯಂ, ಯಾರದಾದರೂ ಮನೆಯ ಹಳೇ ವೀಣೆ ಎಲ್ಲ ಅವರ ಹತ್ತಿರ ರಿಪೇರಿಗೆ ಬರುತ್ತವೆ. ಅವರನ್ನು ಕರೆದುಕೊಂಡು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಅವರು ಗಿಟಾರಿನ ಭಾಗಗಳನ್ನೆಲ್ಲ ವೀಣೆಯ ಮಾತಿನಲ್ಲೇ ಹೇಳಿದರು. ಫ್ರೆಟ್ಟು ಅಂದರೆ ಮೆಟ್ಟಿಲು, ಬ್ರಿಜ್ಜು ಅಂದರೆ ಕುದುರೆ, ಕೀ ಅಂದರೆ ಬಿರಡೆ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ. ಕೆಲವು ವರ್ಷ ನುಡಿಸಿದ ಮೇಲೆ ಮೇಣ ಕಿತ್ತು, ಮೆಟ್ಟಿಲು ಮತ್ತೆ ಕೂರಿಸಿ, ಹೊಸದಾಗಿ ಮೇಳ ಕಟ್ಟಲೇಬೇಕು. “ವೀಣೆ ಮಾಡೋವಾಗ್ಲೇ ಮುಂದೆ ಬಿಚ್ಚೋರು ಬತ್ತಾರೆ ಅಂತ ಲೆಕ್ಕ ಇಟ್ಕಂಡೇ ಮಾಡಿರ್ತಾರೆ ಮೇಷ್ಟ್ರೇ. ಇದನ್ನ ಅಗ್ಗಕ್ಕೆ ಮಾಡ್ದೋರು ಬಿಚ್ಚೋ ಯೋಚ್ನೆನೇ ಇಟ್ಕಂಡಿರಲ್ಲ. ಅದ್ಕೇ ಮೊದ್ಲು ಅಂಟು ನೋಡ್ಬೇಕು” ಎಂದರು. ಹಳೆಯ ಅಗ್ಗದ ಗಿಟಾರನ್ನು ಅಳೆಯುವುದಕ್ಕೆ ನನಗೆ ಸಿಕ್ಕ ಮೊದಲ ಅಳತೆಗೋಲು ಈ ಮಾತು.

ಮನೆಯವರು ಅಟ್ಟದಿಂದ ಗಿಟಾರ್ ಇಳಿಸಿ, ಧೂಳು ಒರೆಸಿ ಕೊಟ್ಟರು. ಆಚಾರ್ರು ಮೊದಲು ಬಾರಿಸಲಿಲ್ಲ. ರೀಪು ನೆಟ್ಟಗಿದೆಯೇ ಎಂದು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ಕತ್ತಿನುದ್ದಕ್ಕೂ ನೋಡಿದರು. ಕತ್ತು ಅಂದರೆ ಮೆಟ್ಟಿಲುಗಳಿರುವ ಉದ್ದನೆಯ ಮರ. ಅದು ಸ್ವಲ್ಪ, ಬಹಳ ಸ್ವಲ್ಪ, ಮುಂದಕ್ಕೆ ಬಾಗಿತ್ತು. ಅಷ್ಟು ಬಾಗು ಇರಲೇಬೇಕು, ಇಲ್ಲದಿದ್ದರೆ ಕಂಪಿಸುವ ತಂತಿ ಮೆಟ್ಟಿಲಿಗೆ ತಾಗಿ ಗುಯ್‌ಗುಡುತ್ತದೆ. ಹೆಚ್ಚು ಬಾಗಿದ್ದರೆ ಒಳಗಿರುವ ಕಬ್ಬಿಣದ ಸಲಾಕೆ, ಟ್ರಸ್ ರಾಡ್ ಅನ್ನುತ್ತಾರೆ, ಅದನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ ಸರಿಮಾಡಬಹುದು. ಅನೇಕ ಅಗ್ಗದ ಗಿಟಾರುಗಳಲ್ಲಿ ಈ ಸಲಾಕೆ ಇರುವುದಿಲ್ಲ, ಇದ್ದರೂ ತಿರುಗದಂತೆ ತುಕ್ಕು ಹಿಡಿದಿರುತ್ತದೆ. ಇದರಲ್ಲಿ ತಿರುಗಿತು.

ಆಮೇಲೆ ನನ್ನ ಹತ್ತಿರ ಒಂದು ರೂಪಾಯಿಯ ನಾಣ್ಯಗಳನ್ನು ಕೇಳಿದರು. ಈಗಿನ ಒಂದು ರೂಪಾಯಿ ನಾಣ್ಯದ ದಪ್ಪ ಸುಮಾರು ಒಂದೂವರೆ ಮಿಲಿಮೀಟರ್. ಹನ್ನೆರಡನೆಯ ಮೆಟ್ಟಿಲ ಮೇಲೆ, ಎಲ್ಲಕ್ಕಿಂತ ದಪ್ಪನೆಯ ತಂತಿಯಡಿ, ಎರಡು ನಾಣ್ಯ ಜೋಡಿಸಿ ತೂರಿಸಿದರು. ಎರಡು ಹೋಗಿ ಮೂರನೆಯದು ಹೋಗದಿದ್ದರೆ ಕೆಲಸ ಮಾಡಿ ಬದುಕಿಸಬಹುದು. ಮೂರೂ ಸಲೀಸಾಗಿ ತೂರಿದರೆ ಬಿಟ್ಟು ಬರಬೇಕು, ಏಕೆಂದರೆ ಆಗ ಕತ್ತು ಒಡಲಿಗೆ ಸೇರುವ ಕೋನವೇ ತಪ್ಪಿರುವ ಸಾಧ್ಯತೆ ಹೆಚ್ಚು. ಅದನ್ನು ಸರಿಮಾಡಲು ಕತ್ತನ್ನು ಪೂರ್ತಿ ಕಳಚಿ ಹೊಸದಾಗಿ ಕೂರಿಸಬೇಕು. ಅಗ್ಗದ ಗಿಟಾರಿಗೆ ಆ ಖರ್ಚು ಯಾವತ್ತೂ ಹುಟ್ಟುವುದಿಲ್ಲ. ಟ್ರಸ್ ರಾಡ್ ತಿರುಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಮಾರುವವರು ಹೇಳುತ್ತಾರೆ, ನಂಬಬೇಡಿ. ಸಲಾಕೆ ಬಾಗನ್ನು ತಿದ್ದುತ್ತದೆ, ಕೋನವನ್ನು ತಿದ್ದುವುದಿಲ್ಲ. ನಮ್ಮದರಲ್ಲಿ ಎರಡು ನಾಣ್ಯ ಹೋಗಿ ಒಂದು ಕೂದಲೆಳೆ ಜಾಗ ಉಳಿಯಿತು. ಇನ್ನೂ ಒಂದು ಮಿಲಿಮೀಟರ್ ಇಳಿಸಿದರೆ ಮಗುವಿನ ಬೆರಳಿಗೆ ಹಿತ.

ಮುಂದಿನದು ಶ್ರುತಿಯ ಪರೀಕ್ಷೆ. ಹನ್ನೆರಡನೆಯ ಮೆಟ್ಟಿಲು ತಂತಿಯ ಉದ್ದದ ಸರಿಯರ್ಧಕ್ಕಿರುತ್ತದೆ. ಅಲ್ಲಿ ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದರೂ, ಒತ್ತಿ ಮೀಟಿದರೂ ಒಂದೇ ಸ್ವರ ಬರಬೇಕು, ತೆರೆದ ತಂತಿಯ ಮೇಲಿನ ಷಡ್ಜ. ಎರಡೂ ಬೇರೆಬೇರೆ ಕೇಳಿಸಿದರೆ, ಮಗು ಎಷ್ಟು ಚೆನ್ನಾಗಿ ಬಾರಿಸಿದರೂ ಅಪಸ್ವರವೇ. ಹಳೇ ತಂತಿಯಿಂದಲೂ ಹೀಗಾಗಬಹುದು, ಆದ್ದರಿಂದ ಇದೊಂದನ್ನೇ ನೋಡಿ ತೀರ್ಪು ಕೊಡಬಾರದು. ಬಿರಡೆಗಳನ್ನು ಒಂದೊಂದಾಗಿ ತಿರುಗಿಸಿದೆವು, ಎರಡು ಜಾರುತ್ತಿದ್ದವು. ಬೆನ್ನಿನ ಹಲಗೆಯನ್ನು ಗೆಣ್ಣಿನಿಂದ ತಟ್ಟುತ್ತ ಹೋದರು, ಒಳಗಿನ ಪಟ್ಟಿ ಅಂಟು ಬಿಟ್ಟಿದ್ದರೆ ಒಡಕು ಮಡಕೆಯ ಹಾಗೆ ಗರಗರ ಸದ್ದು ಬರುತ್ತದೆ, ಬರಲಿಲ್ಲ. ದುಂಡು ತೂತಿನೊಳಗೆ ಮೊಬೈಲಿನ ಬೆಳಕು ಬಿಟ್ಟು ನೋಡಿದರು. ಅಟ್ಟದ ಮೇಲಿದ್ದ ವಾದ್ಯದೊಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳು ಹಿಡಿದಿದೆ ಎಂದರ್ಥ, ಅಂಥದನ್ನು ಮನೆಗೇ ತರಬಾರದು.

ಕೊನೆಗೆ ಕುದುರೆ. ಆಚಾರ್ರು ಜೇಬಿನಿಂದ ಬಸ್ ಟಿಕೆಟ್ ತೆಗೆದು, ಕುದುರೆಯ ಹಿಂಬದಿಯ ಅಂಚಿಗೆ ಹಿಡಿದು ಮೆಲ್ಲಗೆ ಒತ್ತುತ್ತ ಹೋದರು. ಎಡಗಡೆ ಹೋಗಲಿಲ್ಲ. ನಡುವೆ ಹೋಗಲಿಲ್ಲ. ಬಲಮೂಲೆಯಲ್ಲಿ ಟಿಕೆಟ್ಟಿನ ತುದಿ ಒಂದು ಕಾಳಿನಷ್ಟು ಒಳಗೆ ಹೋಯಿತು.

ನನ್ನ ಎದೆ ಧಸಕ್ಕೆಂದಿತು. ಅದೇ ಜಾಗ, ಅದೇ ರೋಗ. “ಬೇಡ, ಹೋಗೋಣ ನಡೀರಿ” ಎಂದೆ. ಆಚಾರ್ರು ಏಳಲಿಲ್ಲ. ಕುದುರೆಯ ಹಿಂದಿನ ಹಲಗೆಯ ಮೇಲೆ ಬಸ್ ಪಾಸಿನ ಅಂಚನ್ನು ನಿಲ್ಲಿಸಿ, ಹಲಗೆ ಉಬ್ಬಿದೆಯೇ ಎಂದು ನೋಡಿದರು. ಉಬ್ಬಿರಲಿಲ್ಲ. ಬಿರುಕೂ ಇರಲಿಲ್ಲ. “ಮರ ಕಿತ್ತಿಲ್ಲ ಮೇಷ್ಟ್ರೇ, ಅಂಟು ಮಾತ್ರ ಬಿಟ್ಟದೆ. ವಾರ್ನಿಷ್ ಮೇಲೇ ಅಂಟಿಸಿರ್ತಾರೆ, ಅದ್ಕೇ ಬಿಡ್ತದೆ” ಎಂದರು. ಅಗ್ಗದ ಗಿಟಾರುಗಳಲ್ಲಿ ಹೀಗೆ ಮಾಡುವುದುಂಟು. ಕುದುರೆ ಕೂರುವ ಜಾಗದಲ್ಲಿ ಬಣ್ಣ ಕೆರೆಯದೆ ಮೇಲೆಯೇ ಅಂಟಿಸಿದರೆ, ಅಂಟು ಹಿಡಿದಿರುವುದು ಬಣ್ಣವನ್ನು, ಮರವನ್ನಲ್ಲ. ಅರೆಬರೆ ಎದ್ದ ಕುದುರೆಯ ಸಂದಿಗೆ ಅಂಟು ಸುರಿಯುವುದು ನಾನು ಹಿಂದೆ ಮಾಡಿದ ತಪ್ಪು. ಅದನ್ನು ಪೂರ್ತಿ ಎಬ್ಬಿಸಬೇಕು, ಮರ ಕಾಣುವವರೆಗೆ ಕೆರೆಯಬೇಕು, ಮರಗೆಲಸದ ಅಂಟು ಹಚ್ಚಬೇಕು, ಕ್ಲಾಂಪ್ ಹಾಕಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಫೆವಿಕ್ವಿಕ್ ಕಲ್ಲಿನ ಹಾಗೆ ಒಣಗಿ, ಕಂಪನಕ್ಕೆ ಚೂರಾಗಿ, ಮುಂದೆ ಬರುವ ಒಳ್ಳೆಯ ಅಂಟೂ ಹಿಡಿಯದಂತೆ ಜಾಗವನ್ನು ಕೆಡಿಸಿಡುತ್ತದೆ.

ಅಲ್ಲೇ ಜಗಲಿಯ ಮೇಲೆ ಕೂತು ಲೆಕ್ಕ ಹಾಕಿದೆವು. ತಂತಿ, ಬಿರಡೆ, ಕುದುರೆಯ ಮೇಲಿನ ಬಿಳಿ ಪಟ್ಟಿ, ಇವು ಹೋದರೆ ಹೊಸದು ಸಿಗುತ್ತವೆ, ಇವುಗಳ ದೋಷಕ್ಕೆ ಹೆದರಬೇಕಾಗಿಲ್ಲ. ಕತ್ತಿನ ಬುಡ, ತಲೆಯ ಬುಡದ ಬಿರುಕು, ಉಬ್ಬಿದ ಹಲಗೆ, ಇವುಗಳಲ್ಲಿ ಒಂದು ಕಂಡರೂ ಬಿಟ್ಟಿ ಕೊಟ್ಟರೂ ಬೇಡ. ಎದ್ದ ಕುದುರೆ ಇವೆರಡರ ನಡುವಿನದು: ರಿಪೇರಿ ಮಾಡುವ ಕೈ ಗೊತ್ತಿದ್ದರೆ ಕೊಳ್ಳಬಹುದು, ಇಲ್ಲದಿದ್ದರೆ ಕೂಡದು. ಒಟ್ಟು ರಿಪೇರಿಗೆ ಸಾವಿರದ ನಾನೂರು ಆಗಬಹುದೆಂದು ಆಚಾರ್ರು ಎಣಿಸಿದರು. ಅದನ್ನೂ ಸೇರಿಸಿ ಹೊಸದರ ಬೆಲೆಯ ಮೂರರಲ್ಲೆರಡು ಭಾಗ ದಾಟಬಾರದು ಎಂದು ನಾನು ಗೆರೆ ಹಾಕಿಕೊಂಡೆ. ಆ ಮನೆಯ ತಾಯಿಗೆ ಟಿಕೆಟ್ ತೂರಿಸಿ ದೋಷವನ್ನು ತೋರಿಸಿಯೇ ಬೆಲೆ ಕೇಳಿದೆವು. “ನಂಗೇನ್ ಗೊತ್ತಣ್ಣ ಇದೆಲ್ಲ, ಮಗಾ ಕೇಳದೆ ಬಿಟ್ಟೋದ” ಎಂದರು. ಎರಡು ಸಾವಿರಕ್ಕೆ ಕೊಟ್ಟರು. ಹೊರಡುವಾಗ ಮಗುವಿಗೆಂದು ಎರಡು ರಸಬಾಳೆಹಣ್ಣನ್ನೂ ಕೊಟ್ಟರು.

ಕಪಿಲೆ ನಂಜನಗೂಡನ್ನು ಸುತ್ತಿ ನರಸೀಪುರಕ್ಕೆ ಬಂದು ಕಾವೇರಿಯನ್ನು ಸೇರುತ್ತಾಳೆ. ಗಿಟಾರೂ ಅದೇ ದಿಕ್ಕಿನಲ್ಲಿ ನನ್ನ ತೊಡೆಯ ಮೇಲೆ ಬಂತು. ತಂತಿ ಸಡಿಲಿಸಿಕೊಂಡೇ ತಂದೆವು.

ಆಚಾರ್ರ ಅಂಗಳದಲ್ಲಿ ಅದು ಐದು ದಿನ ಇತ್ತು. ಬಟ್ಟೆ ಹೊದಿಸಿ, ಇಸ್ತ್ರಿಪೆಟ್ಟಿಗೆಯ ಹದವಾದ ಬಿಸಿ ಕೊಟ್ಟು, ತೆಳು ಅಲಗನ್ನು ಕೂದಲು ಕೂದಲಾಗಿ ಸರಿಸುತ್ತ ಕುದುರೆಯನ್ನು ಎಬ್ಬಿಸಿದರು. ಅವರು ಹೇಳಿದ್ದು ನಿಜ, ಅಡಿಯಲ್ಲಿ ಕನ್ನಡಿಯಂತೆ ವಾರ್ನಿಷ್ ಹೊಳೆಯುತ್ತಿತ್ತು. ಬಿಳಿ ಪಟ್ಟಿಯನ್ನು ಉಪ್ಪುಕಾಗದದ ಮೇಲೆ ಅಡಿಯಿಂದ ತೀಡಿದರು. ಇಲ್ಲಿ ನನ್ನ ವಿಜ್ಞಾನಕ್ಕೂ ಕೆಲಸ ಸಿಕ್ಕಿತು: ಹನ್ನೆರಡನೆಯ ಮೆಟ್ಟಿಲು ನಡುಮಧ್ಯದಲ್ಲಿರುವುದರಿಂದ, ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಪಟ್ಟಿಯಲ್ಲಿ ಎರಡು ಮಿಲಿಮೀಟರ್ ತೀಡಬೇಕು. ಗೆರೆ ಎಳೆದುಕೊಟ್ಟೆ. ಸ್ಟೀಲಿನಲ್ಲೇ ತೆಳುವಾದ ತಂತಿ ಹಾಕಿಸಿದೆವು, ಎಳೆತವೂ ಕಡಿಮೆ, ಬೆರಳಿಗೂ ಮೆತ್ತಗೆ.

ವಾದ್ಯ ರಿಪೇರಿಯನ್ನು ಸಣ್ಣ ಕೆಲಸವೆಂದು ಯಾರೂ ತಿಳಿಯಬಾರದು. ಜಪಾನಿನ ಹಮಾಮತ್ಸು ಊರಿನ ಪ್ರಾಥಮಿಕ ಶಾಲೆಯಲ್ಲಿ ಕೆಟ್ಟುನಿಂತಿದ್ದ ಒಂದು ಆರ್ಗನ್ನನ್ನು ತೊರಾಕುಸು ಯಮಾಹಾ ಎಂಬವರು 1887ರಲ್ಲಿ ರಿಪೇರಿ ಮಾಡಿದರು. ಆ ಕೆಲಸದಿಂದ ಶುರುವಾದದ್ದೇ ಯಮಾಹಾ ಕಂಪನಿ, ಇವತ್ತು ನಮ್ಮ ಮಕ್ಕಳು ಆಸೆಪಡುವ ಗಿಟಾರುಗಳನ್ನು ಮಾಡುವ ಕಂಪನಿ. ಇನ್ನೊಂದು ವಿಷಯವೂ ಈ ಸಂದರ್ಭದಲ್ಲಿ ನನ್ನನ್ನು ಕಾಡುತ್ತದೆ. ಅಮೆರಿಕದ ಮಾರ್ಟಿನ್ ಕಂಪನಿ, ಬ್ರೆಜಿಲ್ ದೇಶದ ಮರ ಸಿಗುವುದು ಕಷ್ಟವಾದಾಗ, 1969ರಿಂದ ತನ್ನ ಗಿಟಾರುಗಳಿಗೆ ಭಾರತದ ಬೀಟೆ ಮರವನ್ನು ಬಳಸತೊಡಗಿತು. ನಮ್ಮ ಮೈಸೂರಿನ ಕುಸುರಿ ಕೆಲಸದವರು ದಂತದ ಬದಲು ಪ್ಲಾಸ್ಟಿಕ್ ಕೂರಿಸಿ ಆನೆ, ಅಂಬಾರಿ ಬಿಡಿಸುತ್ತಾರಲ್ಲ, ಅದೇ ಬೀಟೆ. ಪಶ್ಚಿಮ ಘಟ್ಟದ ಮರ ಜಗತ್ತಿನ ಒಳ್ಳೆಯ ಗಿಟಾರುಗಳ ಬೆನ್ನಾಗಿದೆ, ಘಟ್ಟದ ನೆರೆಯ ಊರಿನ ಮಗುವಿಗೆ ಬಣ್ಣ ಬಳಿದ ಪ್ಲೈವುಡ್ ಸಿಗುತ್ತದೆ. ಹಾಗೆಂದು ಪ್ಲೈವುಡ್ಡನ್ನು ತಳ್ಳಿಹಾಕುವುದಿಲ್ಲ, ಅದು ಬೇಗ ಬಿರಿಯುವುದಿಲ್ಲ. ಕಲಿಯುವ ಕೈಗೆ ನೆಟ್ಟಗಿರುವ ಪ್ಲೈವುಡ್ ಸಾಕು.

ಆರನೆಯ ದಿನ ಸಂಜೆ ಮೊಮ್ಮಗಳು ಗಿಟಾರ್ ಹಿಡಿದು ಕೂತಿದ್ದಳು. ಮಗ ಕೆಲಸದಿಂದ ಬಂದು, ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತ. ಆಮೇಲೆ ಬಗ್ಗಿ, ಅವಳ ಕೈಯ ಪಕ್ಕದಲ್ಲಿ ಒಂದೇ ಒಂದು ತಂತಿಯನ್ನು ಒತ್ತಿ ನೋಡಿದ. “ಅಪ್ಪ, ಇದು ನೋಯೋದೇ ಇಲ್ವಲ್ಲ” ಎಂದ. ನಾನು ಉತ್ತರ ಕೊಡಲಿಲ್ಲ.

ಒಂದು ವರ್ಷವಾಯಿತು. ಕುದುರೆ ಹಿಡಿದು ನಿಂತಿದೆ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದನ್ನು ಎಲ್ಲರೂ ನೋಡಿದ್ದೀರಿ. ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಗಿಟಾರಿನ ಹಲಗೆಯೂ ಹಾಗೆಯೇ, ಕಪಿಲೆ ತುಂಬಿ ಬರುವ ದಿನಗಳಲ್ಲಿ ಉಬ್ಬುತ್ತದೆ, ನಂಜನಗೂಡಿನ ದೊಡ್ಡಜಾತ್ರೆಯ ಹೊತ್ತಿನ ಬಿಸಿಲಿಗೆ ಕುಗ್ಗುತ್ತದೆ. ಹೆಂಚಿನ ಕೆಳಗಿನ ಅಟ್ಟದಲ್ಲಿ ಆ ಬಿಸಿಲು ಅಂಟನ್ನೇ ಮೆತ್ತಗೆ ಮಾಡುತ್ತದೆ. ಬಿಗಿದಿಟ್ಟ ತಂತಿ ಅಂಥ ದಿನವೇ ಕುದುರೆಯನ್ನು ಎಬ್ಬಿಸುವುದು.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಮನೆಯ ಅಟ್ಟದ ಮೇಲೆ, ಓದು ಮುಗಿಸಿ ಊರು ಬಿಟ್ಟ ಮಕ್ಕಳ ಗಿಟಾರ್ ಇದ್ದರೆ ಇವತ್ತೇ ಇಳಿಸಿ. ಆರೂ ಬಿರಡೆಗಳನ್ನು ಎರಡೆರಡು ಸುತ್ತು ಸಡಿಲಿಸಿ, ಒಳಕೋಣೆಯ ನೆರಳಲ್ಲಿಡಿ. ಮಕ್ಕಳಿಗೆ ಫೋನು ಮಾಡಿ, ಬೇಕೇ ಎಂದು ಕೇಳಿ. ಬೇಡವೆಂದರೆ, ಮುಂದಿನ ಬೇಸಿಗೆಯೊಳಗೆ ಅದನ್ನು ಬೀದಿಯಲ್ಲಿ ಯಾವುದಾದರೂ ಮಗುವಿಗೆ ಕೊಟ್ಟುಬಿಡಿ. ಕೊಡುವ ಮೊದಲು ಕುದುರೆಯ ಹಿಂದೆ ಒಂದು ಬಸ್ ಟಿಕೆಟ್ ತೂರಿಸಿ ನೋಡಿ.